ಎರಡು ಪೆನ್ನಿಯ ಸಂದು

ನಮ್ಮ ಕಾರಿನ ಎಡಗಡೆಯ ಬಾಗಿಲು ಹಾಕುವ ವಿದ್ಯೆ ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು ಎಂದು ನಾನು ಬಹಳ ಕಾಲ ನಂಬಿದ್ದೆ. ಸೀಟಿನಲ್ಲಿ ಕೂತು, ಬಾಗಿಲಿನ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು, ಹಟ ಮಾಡುವ ಮಗುವನ್ನು ಎತ್ತುವ ಹಾಗೆ ಒಂದಿಷ್ಟು ಮೇಲಕ್ಕೆತ್ತಿ ಒಳಕ್ಕೆಳೆದು, ಉಸಿರು ಬಿಗಿಹಿಡಿದು, ಎಡ ಮೊಣಕೈಯಿಂದ ಚಿಲಕದ ಮೇಲೊಂದು ಗುದ್ದು ಕೊಡಬೇಕು. ಗುದ್ದು ಸ್ವಲ್ಪ ಮೇಲೆ ಬಿದ್ದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಸ್ವಲ್ಪ ಕೆಳಗೆ ಬಿದ್ದರೆ ಮೊಣಕೈ ಉಳಿಯುವುದಿಲ್ಲ. ಇಷ್ಟೆಲ್ಲ ಮಾಡಿ ಹಾಕಿದ ಬಾಗಿಲು ನೆಟ್ಟಗಿನ ರಸ್ತೆಯಲ್ಲಿ ಸಾಧುವಾಗಿಯೇ ಇರುತ್ತದೆ. ಬಲಕ್ಕೆ ತಿರುಗಿದರೆ ಮಾತ್ರ ತಟ್ಟನೆ ಬಾಯಿ ಬಿಡುತ್ತದೆ. ಇಂಗ್ಲೆಂಡಿನ ನಮ್ಮ ಕವೆಂಟ್ರಿ ಊರಿನಲ್ಲಿ ಸರ್ಕಲ್ಲುಗಳಿಗೇನು ಬರವೇ? ಒಂದೊಂದನ್ನೂ ಬಲಕ್ಕೆ ಸುತ್ತಬೇಕು. ಹಾಗಾಗಿ ನನ್ನ ಡ್ರೆಸಿಂಗ್ ಗೌನಿನ ಸೊಂಟಪಟ್ಟಿಯ ಒಂದು ತುದಿ ಬಾಗಿಲಿನ ಹಿಡಿಗೆ, ಇನ್ನೊಂದು ತುದಿ ನನ್ನ ಕೈಗೆ. ಎಪ್ಪತ್ತು ವರ್ಷದ ಹೆಂಗಸು ನಾನು, ಹಸು ಹಿಡಿದುಕೊಂಡು ಹೋಗುವವಳ ಹಾಗೆ ಬಾಗಿಲು ಹಿಡಿದುಕೊಂಡು ಊರು ಸುತ್ತುತ್ತಿದ್ದೆ.

ಕಾರಿನ ಹೆಸರು ಫೆಲ್ಡನ್. ಎರಡೇ ಸೀಟು, ಕಡುಗೆಂಪು ಬಣ್ಣ, ಉದ್ದ ಮೂಗು. ೧೯೫೮ರಲ್ಲಿ ನಮ್ಮ ಊರಿನಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಕಾರ್ಖಾನೆಯಲ್ಲಿ ಹುಟ್ಟಿದ್ದು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ನನ್ನ ಗಂಡ ಡೆಸ್ಮಂಡ್‌ಗೆ ಈ ಕಾರು ಸಿಕ್ಕಿದ್ದು ಹಳ್ಳಿಯೊಂದರ ಹುಲ್ಲಿನ ಕೊಟ್ಟಿಗೆಯಲ್ಲಿ. ಸ್ಟೀರಿಂಗ್ ಕೆಳಗೆ ಕೋಳಿಯೊಂದು ಕಾವು ಕೂತಿತ್ತಂತೆ. ಕೋಳಿ ಎದ್ದಿತು, ಡೆಸ್ ಕೂತ. ಒಂಬತ್ತು ವರ್ಷ ಏಳಲಿಲ್ಲ.

ಆ ಒಂಬತ್ತು ವರ್ಷ ನಾನು ಹೇಗೆ ಸಂಸಾರ ಮಾಡಿದೆನೋ ನನಗೇ ಗೊತ್ತು. ನಮ್ಮ ಮಂಚದ ಕೆಳಗೆ ಕಂಬಳಿ ಹೊದ್ದು ಬಂಪರ್ ಮಲಗಿತ್ತು. ಬಣ್ಣ ಬಳಿದ ಸಣ್ಣಪುಟ್ಟ ಬಿಡಿಭಾಗಗಳು ನನ್ನ ಓವನ್‌ನಲ್ಲಿ ಒಣಗಿದವು. ಭಾನುವಾರದ ಬೀಫ್ ರೋಸ್ಟಿನಲ್ಲಿ ಬಣ್ಣದ ವಾಸನೆ ಬಂದರೆ ಡೆಸ್ ಅದನ್ನೇ ಮೆಚ್ಚಿಕೊಂಡು ಇನ್ನೊಂದು ತುಂಡು ಹಾಕಿಸಿಕೊಳ್ಳುತ್ತಿದ್ದ. ಕಳ್ಳರು ನುಗ್ಗಿದರೆ ಬಡಿದುಕೊಳ್ಳುವ ನಮ್ಮ ಮನೆಯ ಅಲಾರಮ್ಮಿನ ಗುಟ್ಟಿನ ಸಂಖ್ಯೆಗೆ ನನ್ನ ಹುಟ್ಟಿದ ದಿನ ಆಗಲಿಲ್ಲ, ಮದುವೆಯ ದಿನ ಆಗಲಿಲ್ಲ. ಕಾರಿನ ಒಡಲಿನ ಸಂಖ್ಯೆ, ೪೧೭, ಅದೇ ಆಗಬೇಕಾಯಿತು. ಇರಲಿ. ಕೆಂಪು ಬಣ್ಣ ಹೊಳೆದು ಕಾರು ಮೊದಲ ಸಲ ಗುಡುಗಿದ ದಿನ ನಾನೂ ಕೈ ತಟ್ಟಿ ಕುಣಿದೆ. ನನ್ನ ಜಗಳ ಕಾರಿನ ಜೊತೆ ಅಲ್ಲ, ಆ ಬಾಗಿಲಿನ ಜೊತೆ. ಬಾಗಿಲಿನ ಜೊತೆಗೂ ಅಲ್ಲ, ಡೆಸ್‌ನ ಬಾಯಿಯ ಜೊತೆ.

ಯಾಕೆಂದರೆ ಫೆಲ್ಡನ್ ಕಾರ್ಖಾನೆಯಲ್ಲಿ ಎಡಗಡೆಯ ಬಾಗಿಲು ಕೂರಿಸುತ್ತಿದ್ದವನು ನನ್ನ ಅಪ್ಪ, ವಿಲ್ಫ್. ಬಲಗಡೆಯದು ಆರ್ಥರ್ ಎಂಬುವನ ಕೆಲಸ. ಆ ಕಾರುಗಳ ಅಸ್ಥಿಪಂಜರ ಮರದ್ದು. ಮೇಲೆ ಕೈಯಲ್ಲಿ ಬಡಿದ ತಗಡು. ಕೈಯಲ್ಲಿ ಮಾಡಿದ್ದು ಎಂದ ಮೇಲೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲವಲ್ಲ. ಅಪ್ಪ ಒಂದೊಂದು ಒಡಲಿನ ಮುಂದೆಯೂ ಮಂಡಿಯೂರಿ, ಆ ಒಡಲಿಗೆಂದೇ ಬಾಗಿಲಿನ ಮರವನ್ನು ಹೆರೆದು, ಕೊಡತಿಯಲ್ಲಿ ತಟ್ಟಿ, ತಗ್ಗಿಸಿ ಕೂರಿಸುತ್ತಿದ್ದ. ಒಂದರ ಬಾಗಿಲು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಅದಕ್ಕೇ ಒಡಲಿಗೂ ಬಾಗಿಲಿಗೂ ಒಂದೇ ಸಂಖ್ಯೆಯ ಅಚ್ಚು ಹೊಡೆಯುತ್ತಿದ್ದರು. ಅಪ್ಪನ ಅಳತೆಗೋಲು ಎರಡು ಹಳೆಯ ಪೆನ್ನಿ ನಾಣ್ಯ, ಅಂಟುಪಟ್ಟಿ ಸುತ್ತಿ ಜೋಡಿಸಿದ್ದು. ಬಾಗಿಲಿನ ಸಂದಿನಲ್ಲಿ ಆ ಜೋಡಿ ಪೆನ್ನಿ ಸುತ್ತಲೂ ಎಲ್ಲೂ ಸಿಕ್ಕಿಕೊಳ್ಳದೆ, ಎಲ್ಲೂ ಸಡಿಲವಾಗದೆ ಓಡಬೇಕು. ಆಮೇಲೆ ಕಿರುಬೆರಳು ತಾಗಿಸಿದರೆ ಬಾಗಿಲು ಹಾಕಿಕೊಳ್ಳಬೇಕು. "ಕೈ ಹಾಕಿ ಮುಚ್ಚೋದು ಕೊಟ್ಟಿಗೆ ಬಾಗಿಲು ಮರಿ, ನಂದು ಕಿರುಬೆರಳ ಬಾಗಿಲು," ಎನ್ನುತ್ತಿದ್ದ. ಅಪ್ಪ ಹೋದ ಮೇಲೆ ಅವನ ಜೋಡಿ ಪೆನ್ನಿ ನನ್ನ ಪರ್ಸು ಸೇರಿತು.

ಅಂಥವನ ಮಗಳು ನಾನು. ನನ್ನ ಗಂಡನ ಕಾರಿನಲ್ಲಿ ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಕೂರಬೇಕು. ಪ್ರತಿ ಸರ್ಕಲ್ಲಿನಲ್ಲೂ ಡೆಸ್‌ನ ಅದೇ ಹಾಡು.

"ನನ್ನ ಕಡೆ ಬಾಗಿಲು ನೋಡು ಹೇಜಲ್, ಬೆಣ್ಣೆ! ಯಾಕೆ ಹೇಳು? ಅದನ್ನ ಕೂರಿಸಿದ್ದು ನಿಮ್ಮಪ್ಪ ಅಲ್ಲ."

"ನೀನು ಬಿಚ್ಚಿ ಜೋಡಿಸೋವಾಗ ಏನೋ ಎಡವಟ್ಟು ಮಾಡಿದೀಯ."

"ಆ ಕಡೆ ಕಂಬ ನಾನು ಮುಟ್ಟಿಲ್ಲ. ಕೀಲು ಮುಟ್ಟಿಲ್ಲ. ಎಲ್ಲಾ ನಿಮ್ಮಪ್ಪ ಬಿಟ್ಟ ಹಾಗೇ ಇದೆ. ಅದೇ ತೊಂದ್ರೆ!"

ನಗುತ್ತಲೇ ಹೇಳುತ್ತಿದ್ದ. ನಾನೂ ನಗುತ್ತಲೇ ಕೇಳುತ್ತಿದ್ದೆ. ಆದರೆ ಒಳಗೆ ಚುರುಕ್ ಎನ್ನುತ್ತಿತ್ತು. ಇಡೀ ಜನ್ಮ ಒಂದೇ ಕೆಲಸ ಮಾಡಿ ಅದೊಂದರ ಬಗ್ಗೆ ಮಾತ್ರ ಜಂಬಪಟ್ಟವನು ನಮ್ಮಪ್ಪ. ಅದೂ ಸುಳ್ಳಾಗಿದ್ದರೆ ಅವನದೆಂದು ನನ್ನ ಹತ್ತಿರ ಉಳಿದಿರುವುದಾದರೂ ಏನು?

ಜುಲೈ ಕೊನೆಯ ಶನಿವಾರ ಉಳಿದಿರುವ ಫೆಲ್ಡನ್‌ಗಳೆಲ್ಲ ಹುಟ್ಟಿದ ಜಾಗಕ್ಕೆ ಬಂದು ಸೇರುತ್ತವೆ. ಹಿಂದೆ ಆ ಶನಿವಾರವೇ ಊರಿನ ಕಾರ್ಖಾನೆಗಳೆಲ್ಲ ಒಟ್ಟಿಗೆ ಎರಡು ವಾರ ಬಾಗಿಲು ಹಾಕುತ್ತಿದ್ದವು; ಇಡೀ ಊರು ಮಕ್ಕಳು ಮರಿ ಕಟ್ಟಿಕೊಂಡು ಸಮುದ್ರದ ಕಡೆ ಓಡುತ್ತಿತ್ತು. ಈಗ ಕಾರ್ಖಾನೆಯ ಜಾಗದಲ್ಲಿ ಕಾರ್ಪೆಟ್ ಅಂಗಡಿ. ಉಳಿದಿರುವುದು ಹಳೆಯ ಗೇಟಿನ ಎರಡು ಇಟ್ಟಿಗೆ ಕಂಬ ಮಾತ್ರ. ಅಂಗಡಿಯ ಮುಂದಿನ ಬಯಲಿನಲ್ಲಿ ಕಾರು ನಿಲ್ಲಿಸಿಕೊಂಡು, ಹಳೆಯ ಬನಿಯನ್‌ಗಳಲ್ಲಿ ಉಜ್ಜಿ ಉಜ್ಜಿ, ನಡುನಡುವೆ ಮೊಟ್ಟೆ ಸ್ಯಾಂಡ್‌ವಿಚ್ ತಿಂದು, ಹನ್ನೆರಡು ಗಂಟೆಗೆ ಆ ಕಂಬಗಳ ನಡುವೆ ಸಾಲಾಗಿ ಹೊರಗೆ ಓಡಿಸುವುದು. ಹೊಸ ಕಾರುಗಳು ಹಿಂದೆ ಹಾಗೇ ಹೊರಬೀಳುತ್ತಿದ್ದವು. ಅದಾದ ಮೇಲೆ ತೀರ್ಪು, ಬೆಳ್ಳಿ ಕಪ್.

ಕಪ್ ಪ್ರತಿ ವರ್ಷ ರಾಡ್ನಿಯದು. ಅವನದು ಕಡುಹಸಿರು ಫೆಲ್ಡನ್. ಡೆಸ್ ಯಾವಾಗಲೂ ಎರಡನೆಯವನು. ಈ ವರ್ಷ ಮಾತ್ರ ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯೊಂದು ರಾಡ್ನಿಯ ಬಂಪರಿಗೆ ಬಡಿದು ಗುಳಿ ಬಿದ್ದಿತ್ತು. ಕಪ್ ನಮ್ಮದೇ ಎಂದು ಎಲ್ಲರೂ ಹೇಳುತ್ತಿದ್ದರು. ಡೆಸ್ ಬೆಳಗಿನಿಂದ ಮೂರು ಸಲ ರಾಡ್ನಿಯ ಹತ್ತಿರ ಹೋಗಿ ಆ ಗುಳಿಗೆ ಸಂತಾಪ ಸೂಚಿಸಿ ಬಂದ. ಮುಖ ಊರಗಲ ಆಗಿತ್ತು.

ಬಂದ ಮೇಲೆ ಗಂಡಸರು ಕಾರುಗಳ ಹೊಟ್ಟೆಯೊಳಗೆ ತಲೆ ಹಾಕಿ ನಿಂತರು. ಗಾಳಿ ಬೀಸುತ್ತಿತ್ತು. ರಾಡ್ನಿಯ ಹೆಂಡತಿ ಬ್ರೈಡಿ ನನ್ನನ್ನು ಕೂಗಿದಳು. ಐರ್ಲೆಂಡಿನಿಂದ ಹುಡುಗಿಯಾಗಿದ್ದಾಗ ಬಂದವಳು. ಅವಳ ನಗು ಬಯಲಿನ ಆ ತುದಿಗೂ ಕೇಳಿಸುತ್ತದೆ.

"ಹೇಜಲ್, ಅಲ್ಲ್ಯಾಕೆ ನಡುಗ್ತಾ ನಿಂತಿದೀಯೇ? ಬಾ, ನಮ್ಮ ಕಾರಲ್ಲಿ ಕೂತ್ಕೋ. ಫ್ಲಾಸ್ಕಲ್ಲಿ ಟೀ ಇದೆ. ರಾಡ್ನಿಗೆ ಹೇಳ್ಬೇಡ, ಬಿಸ್ಕತ್ತಿನ ಪುಡಿ ಬಿದ್ರೆ ಹೃದಯ ಒಡ್ಕೋತಾನೆ."

ನಾನು ರಾಡ್ನಿಯ ಜಾಗದಲ್ಲಿ ಕೂತು ಟೀ ಬಗ್ಗಿಸಿಕೊಂಡೆ. ಬ್ರೈಡಿ ಆ ಕಡೆಯಿಂದ ಬಂದು ಎಡ ಸೀಟಿನಲ್ಲಿ ಕುಸಿದಳು. ಬಾಗಿಲಿನ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದಳು. ಒಂದಿಷ್ಟು ಮೇಲಕ್ಕೆತ್ತಿ ಒಳಕ್ಕೆಳೆದಳು. ಉಸಿರು ಬಿಗಿಹಿಡಿದಳು. ಎಡ ಮೊಣಕೈಯಿಂದ ಚಿಲಕದ ಮೇಲೊಂದು ಗುದ್ದು ಕೊಟ್ಟಳು.

ನನ್ನ ಕೈಯಲ್ಲಿದ್ದ ಟೀ ತುಳುಕಿ ರಾಡ್ನಿಯ ಚರ್ಮದ ಸೀಟಿನ ಮೇಲೆ ಬಿತ್ತು.

"ಬ್ರೈಡಿ, ಈಗ ಏನ್ ಮಾಡ್ದೆ?"

"ಬಾಗಿಲು ಹಾಕ್ದೆ ಕಣೇ. ಇದಕ್ಕೊಂದು ದೊಡ್ಡ ರೋಗ. ಎತ್ತಿ ಗುದ್ದಿದ್ರೇನೇ..."

ನಾನು ಕೋಟಿನ ತೋಳು ಮೇಲೆ ಸರಿಸಿ ನನ್ನ ಎಡ ಮೊಣಕೈ ತೋರಿಸಿದೆ. ನೀಲಿ, ಹಳದಿ, ಹಸಿರು, ಎಲ್ಲ ವಯಸ್ಸಿನ ಗಾಯದ ಗುರುತುಗಳಿದ್ದವು. ಬ್ರೈಡಿ ಅದನ್ನು ನೋಡಿದಳು, ನನ್ನ ಮುಖ ನೋಡಿದಳು, ತನ್ನ ತೋಳನ್ನೂ ಮೇಲೆ ಸರಿಸಿದಳು. ಅದೇ ಜಾಗ. ಅದೇ ಬಣ್ಣ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಇಷ್ಟು ವರ್ಷ ಪ್ರತಿ ಜುಲೈಯಲ್ಲಿ ಜೊತೆಗೆ ಕೂತು ಮೊಮ್ಮಕ್ಕಳು, ಮಂಡಿನೋವು ಎಲ್ಲ ಮಾತಾಡಿದ್ದೇವೆ, ಇದೊಂದನ್ನು ಬಿಟ್ಟು. ಗಂಡನ ಕಾರಿನ ಹುಳುಕನ್ನು ಎದುರಾಳಿಯ ಹೆಂಡತಿಗೆ ಯಾರು ಹೇಳುತ್ತಾರೆ?

"ಯಾವ ಕಡೆ ತಿರುಗಿದ್ರೆ ಬಿಚ್ಕೊಳ್ಳುತ್ತೆ?" ಎಂದೆ.

"ಬಲಕ್ಕೆ. ನಾನು ಕೊಡೆ ಹಿಡಿ ಸಿಕ್ಕಿಸ್ಕೊಂಡು ಕೂರ್ತೀನಿ."

"ನಾನು ಡ್ರೆಸಿಂಗ್ ಗೌನಿನ ಪಟ್ಟಿ."

ಮತ್ತೆ ನಕ್ಕೆವು. ನಗು ಅರ್ಧಕ್ಕೆ ಬಂದಾಗ ನನ್ನ ತಲೆಗೆ ಅದು ಹೊಳೆಯಿತು. ನಮ್ಮದು ೪೧೭. ರಾಡ್ನಿಯದು ೪೧೮, ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತಿದ್ದ ಜೋಡಿ ಎಂದು ಅವರಿಬ್ಬರೂ ಕುಡಿದಾಗಲೆಲ್ಲ ಹೇಳಿಕೊಳ್ಳುತ್ತಾರೆ. ಪರ್ಸಿನಿಂದ ಉಗುರು ಉಜ್ಜುವ ಅರ ತೆಗೆದೆ.

"ಬ್ರೈಡಿ, ಈ ಬಾಗಿಲಿನ ಚರ್ಮದ ಅಂಚು ಸ್ವಲ್ಪ ಎಬ್ಬಿಸ್ಲಾ?"

"ಎಬ್ಬಿಸು. ಸತ್ರೆ ಇಬ್ಬರೂ ಒಟ್ಟಿಗೆ ಸಾಯೋಣ."

ಇಲ್ಲಿ ಒಂದು ಮಾತು ಹೇಳಬೇಕು. ಈ ಜನರಿಗೆ ಕಾರ್ಖಾನೆಯಿಂದ ಬಂದ ಚರ್ಮ ಹಾಗೇ ಉಳಿದಿದ್ದರೆ ಅದು ದೇವರ ಪ್ರಸಾದ. ಅದಕ್ಕೆ ತೀರ್ಪಿನಲ್ಲಿ ಅಂಕವೂ ಹೆಚ್ಚು. ಇಡೀ ಕಾರನ್ನು ಕೊನೆಯ ಮೊಳೆಯವರೆಗೆ ಬಿಚ್ಚಿದ ಡೆಸ್, ಆ ಎಡ ಬಾಗಿಲನ್ನೂ ಅದರ ಒಳಗಿನ ಚರ್ಮವನ್ನೂ ಮಾತ್ರ ಬಿಚ್ಚಿರಲಿಲ್ಲ. ರಾಡ್ನಿಯೂ ಬಿಚ್ಚಿರಲಿಲ್ಲ. ಒಂದು ಅಂಗುಲ ಎಬ್ಬಿಸಿ ನೋಡಿದ್ದರೆ ನಮ್ಮ ಮೊಣಕೈಗಳು ಉಳಿಯುತ್ತಿದ್ದವು.

ಎರಡು ಸಣ್ಣ ಹಿತ್ತಾಳೆ ಮೊಳೆ ಕಿತ್ತು ಬಂದವು. ಚರ್ಮದ ಹಿಂದೆ, ಮರದ ಮೇಲೆ, ಅಚ್ಚಿನಲ್ಲಿ ಹೊಡೆದ ಮೂರು ಅಂಕಿ. ನಮ್ಮ ಮನೆಯ ಅಲಾರಮ್ಮಿನ ಅಂಕಿ, ೪೧೭.

ಓಡಿದೆ. ಈ ವಯಸ್ಸಿನಲ್ಲಿ ಓಡಿದೆ ಎಂದರೆ ಓಡಿದೆ. ನಮ್ಮ ಕೆಂಪು ಕಾರಿನ ಬಾಗಿಲಿಗೂ ಅರ ಹಾಕಿದೆ. ೪೧೮.

"ಹೇಜಲ್!" ಎಂದು ಡೆಸ್ ಕಿರುಚಿದ್ದು ಆಗಲೇ. "ಏನ್ ಮಾಡ್ತಿದೀಯ? ಅದು ಒರಿಜಿನಲ್ ಚರ್ಮ!"

"ಬಾಗಿಲು ಒರಿಜಿನಲ್ ಅಲ್ಲ ಡೆಸ್. ಇದು ರಾಡ್ನಿ ಬಾಗಿಲು. ನಮ್ಮದು ಅಲ್ಲಿದೆ, ಹಸಿರು ಬಣ್ಣ ಬಳ್ಕೊಂಡು."

ಗಂಡಸರಿಬ್ಬರೂ ಅಲ್ಲಿಗೂ ಇಲ್ಲಿಗೂ ನಾಲ್ಕು ಸಲ ಓಡಾಡಿದರು, ನಾಲ್ಕು ಸಲವೂ ಅದೇ ಅಂಕಿ ಓದಿದರು. ಅಪ್ಪ ಕೂರಿಸಿದ ಮೇಲೆ ಬಣ್ಣಕ್ಕೆಂದು ಬಾಗಿಲುಗಳನ್ನು ಕಳಚಿದ್ದಾಗ ಅದಲುಬದಲಾಗಿ, ಆಮೇಲೆ ಬಣ್ಣ ಬಿದ್ದಿದೆ. ಬಣ್ಣ ಸರಿಯಾಗಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

"ಸರಿ ಬಿಡು, ಗೊತ್ತಾಯ್ತಲ್ಲ," ಎಂದ ರಾಡ್ನಿ. "ಚಳಿಗಾಲದಲ್ಲಿ ನಿಧಾನಕ್ಕೆ ಬದಲಾಯಿಸಿ, ಬಣ್ಣ ಹಾಕಿ..."

"ಹೂಂ, ಚಳಿಗಾಲದಲ್ಲಿ," ಎಂದ ಡೆಸ್. ಇಬ್ಬರೂ ಯಾವ ವಿಷಯಕ್ಕೂ ಒಪ್ಪಿದ್ದು ನಾನು ಕಂಡಿದ್ದು ಅದೇ ಮೊದಲು.

"ಇವತ್ತು," ಎಂದೆ ನಾನು. "ಈಗ. ಆ ಗೇಟಿಂದ ಆಚೆ ಹೋಗೋಕೆ ಮುಂಚೆ."

"ಹುಚ್ಚಾ ನಿಂಗೆ? ಕೆಂಪು ಕಾರಿಗೆ ಹಸಿರು ಬಾಗಿಲು? ಸರ್ಕಸ್ ಗಾಡಿ ಆಗುತ್ತೆ!"

ಅಷ್ಟರಲ್ಲಿ ತೀರ್ಪುಗಾರ್ತಿ ಮಿಸ್ ಪೆಥರಿಕ್ ಬಿಳಿ ಕೈಗವಸು ಹಾಕಿಕೊಂಡು ಬಂದಳು. ಎಲ್ಲ ಕೇಳಿಸಿಕೊಂಡಳು. ಕನ್ನಡಕ ಸರಿಮಾಡಿಕೊಂಡಳು. "ನೋಡಿ, ನನಗೆ ನಿಯಮ ಬಿಟ್ರೆ ಬೇರೆ ಗೊತ್ತಿಲ್ಲ. ಒಂದು ಕಾರಿಗೆ ಒಂದು ಬಣ್ಣ. ಬೇರೆ ಬಣ್ಣದ ಬಾಗಿಲು ಇದ್ರೆ ಇಬ್ಬರ ಹೆಸರೂ ಹೊಡೆದು ಹಾಕ್ತೀನಿ. ಡೆಸ್ಮಂಡ್, ಈ ವರ್ಷ ನೀವು ಯೋಚನೆ ಮಾಡೋದು ಒಳ್ಳೇದು." ಅಂದರೆ ಕಪ್ ನಿನ್ನದೇ ಎಂದು ಇದಕ್ಕಿಂತ ಬಿಡಿಸಿ ಹೇಳಲು ಅವಳಿಂದ ಆಗುತ್ತಿರಲಿಲ್ಲ.

ಡೆಸ್ ನನ್ನ ಕಡೆ ನೋಡಿದ. ನಾನು ಕೂಗಾಡಬೇಕೆಂದಿದ್ದೆ, ಮೆಲ್ಲಗೇ ಹೇಳಿದೆ.

"ಡೆಸ್, ಇಷ್ಟು ವರ್ಷ ನಮ್ಮಪ್ಪನ್ನ ಆಡ್ಕೊಂಡೆ. ನಾನು ನಕ್ಕೆ. ನಗು ಬರ್ತಿರ್ಲಿಲ್ಲ ನಂಗೆ. ಅವನ ಬಾಗಿಲು ಅವನು ಕೂರಿಸಿದ ಜಾಗದಲ್ಲಿ ಹೆಂಗೆ ಹಾಕ್ಕೊಳ್ಳುತ್ತೆ ಅಂತ ನಾನು ನೋಡ್ಬೇಕು. ಅವನು ದಿನಾ ನಡೆದ ಗೇಟಲ್ಲೇ ನೋಡ್ಬೇಕು. ಕಪ್ ಬೇಕಾದ್ರೆ ನೀನು ಇಟ್ಕೋ, ನಾನು ನಡ್ಕೊಂಡು ಮನೆಗೆ ಹೋಗ್ತೀನಿ."

ಡೆಸ್ ನನ್ನ ಕೈಯಲ್ಲಿದ್ದ ಸೊಂಟಪಟ್ಟಿ ನೋಡಿದ. ಮೊಣಕೈ ನೋಡಿದ, ತೋಳು ಇನ್ನೂ ಮೇಲಕ್ಕೇ ಇತ್ತು. ತಾನು ಬೆಳಗಿನಿಂದ ಉಜ್ಜಿದ ಕಾರನ್ನು ಒಂದು ಸಲ ಉದ್ದಕ್ಕೂ ನೋಡಿದ. ಆಮೇಲೆ ಹೋಗಿ ಸ್ಕ್ರೂಡ್ರೈವರ್ ತಂದು, ನಮ್ಮ ಕೆಂಪು ಬಾಗಿಲಿನ ಮುಂದೆ ಮಂಡಿಯೂರಿದ.

"ಡೆಸ್, ಯೋಚನೆ ಮಾಡೋ," ಎಂದ ರಾಡ್ನಿ.

"ಮಾಡ್ದೆ. ನಿನ್ನ ಬಾಗಿಲು ಬಿಚ್ಚು."

"ನಾನ್ಯಾಕೆ ಬಿಚ್ಲಿ?"

"ನೀನು ಬಿಚ್ಚದೇ ಇದ್ರೆ ನಾನು ಬಿಚ್ತೀನಿ," ಎಂದಳು ಬ್ರೈಡಿ, ಕೊಡೆ ಎತ್ತಿಕೊಂಡು. "ನಂಗೆ ಸ್ಕ್ರೂಡ್ರೈವರ್ ಉಪಯೋಗಿಸೋಕೆ ಬರಲ್ಲ. ಇದ್ರಲ್ಲೇ ಬಿಚ್ತೀನಿ."

ರಾಡ್ನಿ ಬಿಚ್ಚಿದ. ಸುದ್ದಿ ಹರಡಿ ಬಯಲಿನಲ್ಲಿದ್ದ ಗಂಡಸರೆಲ್ಲ ಸುತ್ತುವರಿದರು. ಒಬ್ಬೊಬ್ಬನ ಕೈಯಲ್ಲೂ ಒಂದೊಂದು ಸ್ಪ್ಯಾನರ್, ಒಬ್ಬೊಬ್ಬನ ಬಾಯಲ್ಲೂ ಒಂದೊಂದು ಸಲಹೆ. ಆ ಸ್ಕ್ರೂ ಮೊದಲು, ಅಲ್ಲ ಈ ಸ್ಕ್ರೂ ಮೊದಲು. ಎತ್ತು, ಇಳಿಸು, ಕಾಲು ತೆಗಿಯೋ. ಮದುವೆ ಮನೆಯಲ್ಲಿ ಸೋಫಾ ಸಾಗಿಸುವ ಹಾಗೆ ಎರಡು ಬಾಗಿಲುಗಳನ್ನೂ ಜಮಖಾನದ ಮೇಲೆ ಹೊತ್ತುಕೊಂಡು ಹೋಗಿ ಬಂದರು. ಹಳದಿ ಫೆಲ್ಡನ್‌ನ ಯಜಮಾನ, ಯಾವತ್ತೂ ಏನೂ ಗೆಲ್ಲದ ಪಾಪದವನು, ಎಲ್ಲರಿಗೂ ಪೋರ್ಕ್ ಪೈ ಹಂಚುತ್ತ ಓಡಾಡಿದ. ಕಪ್ ತನಗೇ ಬರಲಿದೆ ಎಂಬ ಅರಿವು ಅವನಿಗಿನ್ನೂ ಆಗಿರಲಿಲ್ಲ.

ಕೊನೆಯ ಸ್ಕ್ರೂ ಬಿಗಿದು ಡೆಸ್ ಹಿಂದೆ ಸರಿದ. ನಾನು ಪರ್ಸಿನಿಂದ ಅಪ್ಪನ ಜೋಡಿ ಪೆನ್ನಿ ತೆಗೆದು ಬಾಗಿಲಿನ ಸಂದಿಗೆ ಹಾಕಿದೆ. ಅದು ಮೇಲಿಂದ ಕೆಳಕ್ಕೆ, ಕೆಳಗಿನ ಬಾಗಿನಲ್ಲಿ ಸುತ್ತಿ, ಹಿಂದಿನ ಕಂಬದ ಗುಂಟ ಮೇಲಕ್ಕೆ, ತನಗೆ ಗೊತ್ತಿರುವ ದಾರಿ ಎಂಬಂತೆ ಸರಾಗವಾಗಿ ಓಡಿತು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಸುತ್ತ ನಿಂತವರು ಇನ್ನಷ್ಟು ಹತ್ತಿರ ಬಗ್ಗಿದರು.

ಸೀಟಿನಲ್ಲಿ ಕೂತೆ. ಕಿರುಬೆರಳು ತಾಗಿಸಿ ಬಾಗಿಲನ್ನು ಎಳೆದೆ.

ಕ್ಲಿಕ್.

ಅಷ್ಟೇ ಸದ್ದು. ಅದಕ್ಕಿಂತ ಇಂಪಾದುದನ್ನು ನಾನು ಕೇಳಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ, ಅಳುತ್ತಲೇ ನಕ್ಕೆ, ಸುತ್ತ ಇದ್ದವರೆಲ್ಲ ಟೋಪಿ ಎಸೆದು ಕೇಕೆ ಹಾಕಿದರು. ಆ ಕಡೆ ಹಸಿರು ಕಾರಿನ ಕೆಂಪು ಬಾಗಿಲೂ ಕ್ಲಿಕ್ ಎಂದಿತು. ಬ್ರೈಡಿಯ ನಗು ಬಯಲು ದಾಟಿ ಬಂತು. ಮಿಸ್ ಪೆಥರಿಕ್ ನಮ್ಮಿಬ್ಬರ ಹೆಸರನ್ನೂ ನೆಟ್ಟಗೆ ಗೆರೆ ಎಳೆದು ಹೊಡೆದಳು. ಆಮೇಲೆ ಬಿಳಿ ಕೈಗವಸು ಕಳಚಿ, ಸುತ್ತ ನೋಡಿ, ಮೆಲ್ಲಗೆ ಬಂದು ತಾನೂ ಒಂದು ಸಲ ಕಿರುಬೆರಳಿನಿಂದ ಬಾಗಿಲು ಹಾಕಿ ನೋಡಿದಳು. ಇನ್ನೊಂದು ಸಲವೂ ಹಾಕಿದಳು.

"ಅಲ್ಲ, ಇಷ್ಟು ಚೆನ್ನಾಗಿ ಕೂರಿಸಿ ಆಮೇಲೆ ಅದಲುಬದಲು ಮಾಡಿದ್ದು ಯಾರು?" ಎಂದ ಡೆಸ್, ಇಂಜಿನ್ ಚಾಲೂ ಮಾಡುತ್ತ. "ಇವೆರಡೂ ಬಣ್ಣಕ್ಕೆ ಹೋಗಿದ್ದು ಆ ವರ್ಷದ ರಜೆ ಶುರುವಾಗೋ ದಿನ ಅಂತ ಕಾರ್ಖಾನೆ ಪುಸ್ತಕದಲ್ಲಿದೆ."

ರಜೆ ಎಂದ ಕೂಡಲೇ ನೆನಪಾಯಿತು. ಆಗ ನನಗೆ ಐದು ವರ್ಷ. ಮೊದಲ ಸಲ ಸಮುದ್ರ ನೋಡಲು ಹೋಗುತ್ತಿದ್ದೆ. ಅಮ್ಮ ನನ್ನನ್ನೂ ನನ್ನ ತಗಡಿನ ಬಕೆಟ್ಟನ್ನೂ ಕರೆದುಕೊಂಡು ಇದೇ ಗೇಟಿನ ಮುಂದೆ ನಿಂತಿದ್ದಳು. ರೈಲು ತಪ್ಪುತ್ತದೆಂದು ನಾನು ಬಕೆಟ್ಟು ಬಡಿಯುತ್ತ ಅಪ್ಪಾ ಅಪ್ಪಾ ಎಂದು ಕಿರುಚಿದ್ದೆ. ಅಪ್ಪ ಏಪ್ರನ್ನನ್ನೂ ಬಿಚ್ಚದೆ ಓಡಿಬಂದು ನನ್ನನ್ನು ಭುಜಕ್ಕೇರಿಸಿಕೊಂಡಿದ್ದ. ಬಣ್ಣಕ್ಕೆಂದು ಕಳಚಿ ಗೋಡೆಗೆ ಒರಗಿಸಿದ್ದ ಎರಡು ಬಾಗಿಲುಗಳ ಸಂಖ್ಯೆಯನ್ನು ಆ ದಿನ ಇನ್ನೊಮ್ಮೆ ತಿರುಗಿ ನೋಡಲು ಅವನಿಗೆ ಪುರುಸೊತ್ತು ಇರಲಿಕ್ಕಿಲ್ಲ.

"ಯಾರಾದ್ರೇನು?" ಎಂದೆ ಡೆಸ್‌ಗೆ. "ರೈಲು ಸಿಕ್ತು."

ಅವನಿಗೆ ಅರ್ಥವಾಗಲಿಲ್ಲ. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ.

ಹನ್ನೆರಡು ಹೊಡೆಯಿತು. ಇಟ್ಟಿಗೆ ಕಂಬಗಳ ನಡುವೆ ಒಂದೊಂದೇ ಕಾರು ಹೊರಬಿತ್ತು. ಹಸಿರು ಬಾಗಿಲಿನ ನಮ್ಮ ಕೆಂಪು ಕಾರನ್ನು ಕಂಡು ಕಾರ್ಪೆಟ್ ಅಂಗಡಿಯವರು ಹೊರಬಂದು ಚಪ್ಪಾಳೆ ತಟ್ಟಿದರು. ಗೇಟಿನ ಎದುರಿಗೇ ಒಂದು ಸರ್ಕಲ್. ನನ್ನ ಕೈ ಅಭ್ಯಾಸಬಲದಿಂದ ಸೊಂಟಪಟ್ಟಿ ಹುಡುಕಿತು. ಅದನ್ನು ಮಡಚಿ ಸೀಟಿನ ಕೆಳಗೆ ಹಾಕಿ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಡೆಸ್ ಬಲಕ್ಕೆ ತಿರುಗಿಸಿದ. ನಾನು ಬಾಗಿಲಿನ ಮೇಲೆ ವಾಲಿದೆ. ಬಾಗಿಲು ಅಲುಗಲಿಲ್ಲ.

ಮನೆಯ ಕಡೆಯ ರಸ್ತೆ ಬಂತು. ಡೆಸ್ ಅದನ್ನು ಬಿಟ್ಟು ಸರ್ಕಲ್ಲಿನಲ್ಲೇ ಮುಂದೆ ಹೋದ. ಎರಡನೆಯ ಸುತ್ತು, ಇನ್ನೂ ಜೋರಾಗಿ. ಹಿಂದೆ ರಾಡ್ನಿಯ ಹಸಿರು ಕಾರೂ ಬಿಡಲಿಲ್ಲ. ಬ್ರೈಡಿ ಕೊಡೆಯನ್ನು ಗಾಳಿಯಲ್ಲಿ ಬೀಸುತ್ತಿದ್ದಳು. ಬಸ್ಸೊಂದು ನಿಂತು ದಾರಿ ಕೊಟ್ಟಿತು, ಕಿಟಕಿಗಳಿಂದ ಜನ ಕೈಯಾಡಿಸಿದರು. ಮೂರನೆಯ ಸುತ್ತಿನಲ್ಲಿ ಡೆಸ್, ರಸ್ತೆಯಿಂದ ಕಣ್ಣು ತೆಗೆಯದೆ, ಗಂಟಲು ಸರಿಮಾಡಿಕೊಂಡ.

"ಮಾವನ ಕೈ ಚೆನ್ನಾಗಿತ್ತು ಕಣೇ."

ಇಷ್ಟು ವರ್ಷ ಅವನ ಬಾಯಲ್ಲಿ 'ನಿಮ್ಮಪ್ಪ' ಆಗಿದ್ದವನು ಇವತ್ತು ಮಾವನಾದ. ನಾನು ಅಪ್ಪನ ಪೆನ್ನಿಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ.

"ಇನ್ನೊಂದ್ ಸಲ ಹೇಳು."

"ಚೆನ್ನಾಗಿತ್ತು ಅಂದ್ನಲ್ಲ."

"ಹಾಗಾದ್ರೆ ಇನ್ನೊಂದ್ ಸುತ್ತು ಹೊಡಿ," ಎಂದೆ.